ಬಿ.ಎಸ್ಸಿ ಕೃಷಿ ಮುಗಿಯುತ್ತಾ ಬಂತು, ಡ್ರೋನ್ ಕೋರ್ಸ್ ಸೇರಲೋ ಕೋಡಿಂಗ್ ಕಲಿಯಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ಮೂರನೇ ವರ್ಷದ ಬಿ.ಎಸ್ಸಿ ಕೃಷಿ. ಮನೆಯವರು ಬ್ಯಾಂಕ್ ಪರೀಕ್ಷೆಗೆ ಓದು ಅನ್ನುತ್ತಿದ್ದಾರೆ. ಗೆಳೆಯರಲ್ಲಿ ಕೆಲವರು ಡ್ರೋನ್ ತರಬೇತಿಗೆ, ಕೆಲವರು ಡೇಟಾ ಸೈನ್ಸಿಗೆ ದುಡ್ಡು ಕಟ್ಟಿದ್ದಾರೆ. ಈ ಕ್ಷೇತ್ರದಲ್ಲಿ ಮುಂದೆ ಯಾವ ಕೌಶಲಕ್ಕೆ ಬೆಲೆ ಬರುತ್ತದೆ ಎಂದು ಕೇಳಿದ್ದೀರಿ. ನಾನು ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ತರಕಾರಿ, ದ್ರಾಕ್ಷಿ ಬೆಳೆಗಾರರ ಜೊತೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊಸಬರನ್ನು ಸಂದರ್ಶನ ಮಾಡಿ ಆರಿಸಿಕೊಳ್ಳುವುದೂ ನನ್ನ ಕೆಲಸದ ಭಾಗ. ಹಾಗಾಗಿ ನಮಗೆ ಎಂಥವರು ಸಿಗುತ್ತಿಲ್ಲ ಅನ್ನುವುದನ್ನು ಹೇಳಬಲ್ಲೆ.

ಆ್ಯಪ್ ಮಾಡುವವರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಬೆಳೆಯ ಒಳಹೊರಗು ಬಲ್ಲ ಹಿರಿಯ ರೈತರೂ ಸುತ್ತಮುತ್ತ ಇದ್ದಾರೆ. ಒಂದೇ ಒಂದು ಬೆಳೆಯನ್ನು ಸಸಿಯಿಂದ ಮಂಡಿಯವರೆಗೆ ತಿಳಿದುಕೊಂಡು, ಮೀಟರಿನಲ್ಲೋ ಮೊಬೈಲಿನಲ್ಲೋ ಕಾಣುವ ಅಂಕಿ ನೋಡಿ, "ಅಣ್ಣ, ಇವತ್ತು ಗೊಬ್ಬರ ಬಿಡಬೇಡಿ, ಯಾಕೆ ಅಂದ್ರೆ..." ಎಂದು ರೈತರು ಒಪ್ಪುವ ಹಾಗೆ ಹೇಳಬಲ್ಲವರು ಮಾತ್ರ ಹುಡುಕಿದರೂ ಸಿಗುತ್ತಿಲ್ಲ. ಕೊರತೆ ಇರುವುದು ಅಲ್ಲಿ.

ದೊಡ್ಡಬಳ್ಳಾಪುರದ ಹತ್ತಿರದ ಒಂದು ಪಾಲಿಹೌಸಿನಲ್ಲಿ ಕ್ಯಾಪ್ಸಿಕಂ ಇಟ್ಟಿದ್ದರು. ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತಿತ್ತು. ಅದು ಕ್ಯಾಲ್ಸಿಯಂ ಕೊರತೆಯ ಲಕ್ಷಣ ಎಂದು ಮಾಲೀಕರಿಗೂ ಗೊತ್ತಿತ್ತು, ಅದಕ್ಕೇ ಕ್ಯಾಲ್ಸಿಯಂ ನೈಟ್ರೇಟ್ ಪ್ರಮಾಣ ಏರಿಸುತ್ತಲೇ ಹೋದರು. ಕೊಳೆಯುವುದು ನಿಲ್ಲಲಿಲ್ಲ. ಅಲ್ಲಿಗೆ ಹೊಸದಾಗಿ ಸೇರಿದ್ದ ಹುಡುಗಿ ಗಿಡ ಮುಟ್ಟುವ ಮೊದಲು ಗೊಬ್ಬರ ಕರಗಿಸುವ ಟ್ಯಾಂಕಿನೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಬಿಳಿ ಗಸಿ ಕೂತಿತ್ತು. ಕ್ಯಾಲ್ಸಿಯಂ ನೈಟ್ರೇಟನ್ನೂ ಮೆಗ್ನೀಸಿಯಂ ಸಲ್ಫೇಟನ್ನೂ ಒಂದೇ ಟ್ಯಾಂಕಿನಲ್ಲಿ ಗಟ್ಟಿಯಾಗಿ ಕರಗಿಸುತ್ತಿದ್ದರು. ಹಾಗೆ ಮಾಡಿದರೆ ಎರಡೂ ಸೇರಿ ಜಿಪ್ಸಂ ಆಗಿ ತಳಕ್ಕಿಳಿಯುತ್ತದೆ, ಬೇರಿಗೆ ಹೋಗಬೇಕಾದ್ದು ಡ್ರಿಪ್ಪರಿನ ಬಾಯಿ ಕಟ್ಟುತ್ತದೆ. ಅವಳು ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿಸಿ ನೀರು ಹರಿಸಿದಳು, ಎರಡು ಟ್ಯಾಂಕ್ ಬೇರೆ ಮಾಡಿಸಿದಳು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ, ಹಾಗಾಗಿ ಆಸಿಡ್ ಕೊಟ್ಟು ಪಿಎಚ್ 6ರ ಆಸುಪಾಸಿಗೆ ಇಳಿಸಿದಳು. ಡ್ರಿಪ್ಪರಿನಿಂದ ಬೀಳುವ ನೀರಿನ ಇಸಿ (ಕರಗಿದ ಲವಣದ ಅಳತೆ) ಎಷ್ಟು, ಬೇರಿನಿಂದ ಬಸಿದು ಬರುವ ನೀರಿನದ್ದು ಎಷ್ಟು ಎಂದು ದಿನಾ ಬೆಳಿಗ್ಗೆ ಬರೆದಿಡಲು ಶುರು ಮಾಡಿದಳು. ಆಮೇಲೆ ಕಚ್ಚಿದ ಕಾಯಿಗಳು ಚೆನ್ನಾಗಿ ಬಂದವು. ಅವಳ ಕೈಯಲ್ಲಿ ಇದ್ದದ್ದು ಎರಡು ಮೀಟರು, ಒಂದು ನೋಟ್‌ಬುಕ್ಕು. ಓದಿದ್ದು ಕನ್ನಡ ಮಾಧ್ಯಮದ ಎರಡು ವರ್ಷದ ಕೃಷಿ ಡಿಪ್ಲೊಮಾ. ನಿಮ್ಮ ಡಿಗ್ರಿಯಲ್ಲಿ ಇದರ ರಸಾಯನಶಾಸ್ತ್ರವೆಲ್ಲ ಇದೆ. ಅದನ್ನು ಟ್ಯಾಂಕಿನ ಮುಂದೆ ನಿಂತು ನೆನಪಿಗೆ ತಂದುಕೊಳ್ಳುವ ಅಭ್ಯಾಸಕ್ಕೆ ನಾವು ಸಂಬಳ ಕೊಡುತ್ತೇವೆ.

ಈಗ ಡ್ರೋನ್ ವಿಷಯ. ಕೋರ್ಸ್ ಬೇಡ ಅನ್ನುವುದಿಲ್ಲ. ಹತ್ತನೇ ತರಗತಿ ಪಾಸಾಗಿ 18 ವರ್ಷ ತುಂಬಿದವರು ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ ಪಡೆದು ಪೈಲಟ್ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ಕೇಂದ್ರ ಸರ್ಕಾರ 2023ರಲ್ಲಿ ಘೋಷಿಸಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವಂಥದ್ದು. ಅಂದರೆ ಹಾರಿಸಲು ಬಲ್ಲವರು ಹಳ್ಳಿಹಳ್ಳಿಯಲ್ಲೂ ಬರುತ್ತಾರೆ, ಬರೀ ಹಾರಿಸುವುದಕ್ಕೆ ಹೆಚ್ಚು ದಿನ ಬೆಲೆ ಉಳಿಯುವುದಿಲ್ಲ. ಔಷಧಿ ಸಿಂಪಡಿಸಲು ಬೆನ್ನಿಗೆ ಕಟ್ಟುವ ಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರು ಬೇಕಾದರೆ ಡ್ರೋನಿಗೆ ಸುಮಾರು 10 ಲೀಟರ್ ಸಾಕು. ಅಷ್ಟು ಕಮ್ಮಿ ನೀರಿನಲ್ಲಿ ಔಷಧಿ ಎಷ್ಟು ಗಟ್ಟಿ ಇರುತ್ತದೆ, ಹನಿ ಎಷ್ಟು ಸಣ್ಣದಿರುತ್ತದೆ ಯೋಚಿಸಿ. ಗಾಳಿ ಸ್ವಲ್ಪ ಜೋರಾದರೂ ಪಕ್ಕದ ಹೊಲಕ್ಕೆ ಹೋಗುತ್ತದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಆ ಪಕ್ಕದ ಹೊಲ ಹಿಪ್ಪುನೇರಳೆ ತೋಟವಾಗಿರುವ ಸಾಧ್ಯತೆ ಬಹಳ. ಕೀಟನಾಶಕದ ಹನಿ ಬಿದ್ದ ಸೊಪ್ಪನ್ನು ಮಾರನೇ ದಿನ ರೇಷ್ಮೆ ಹುಳುವಿಗೆ ಹಾಕಿದರೆ ಹುಳುಗಳೆಲ್ಲ ಸಾಯುತ್ತವೆ, ಒಂದು ಮನೆಯ ಒಂದು ಬೆಳೆಯ ದುಡಿಮೆ ಹೋಗುತ್ತದೆ. ಸುತ್ತಲಿನ ತೋಟ ನೋಡಿ, ಗಾಳಿಯ ದಿಕ್ಕು ನೋಡಿ, ರೇಷ್ಮೆಯವರನ್ನು ಮೊದಲೇ ವಿಚಾರಿಸಿ, ಬೇಡ ಅನಿಸಿದರೆ ಡ್ರೋನ್ ಪೆಟ್ಟಿಗೆಯಲ್ಲೇ ಬಿಟ್ಟು ಬರುವವರು ನಮಗೆ ಬೇಕು. ಇನ್ನೊಂದು ಮಾತು, ನಮ್ಮ ಕಡೆ ದೇವನಹಳ್ಳಿ ವಿಮಾನ ನಿಲ್ದಾಣ, ಯಲಹಂಕದ ವಾಯುನೆಲೆ ಎರಡೂ ಇವೆ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಯಾರ ಹೊಲದಲ್ಲೂ ಹಾರಿಸಲು ಹೋಗಬೇಡಿ.

ಡೇಟಾ ಕೆಲಸಕ್ಕೂ ಇದೇ ಮಾತು ಹೊಂದುತ್ತದೆ. ಕ್ರಾಪಿನ್, ನಿಂಜಾಕಾರ್ಟ್, ಫಸಲ್ ಹೀಗೆ ಬೆಂಗಳೂರಿನಲ್ಲೇ ಹುಟ್ಟಿದ ಕೃಷಿ ಕಂಪನಿಗಳು ಹಲವು. ದ್ರಾಕ್ಷಿ ತೋಟಗಳಲ್ಲಿ ಈಗ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು, ತೇವ ಎಷ್ಟು, ಮಣ್ಣಿನಲ್ಲಿ ನೀರೆಷ್ಟು ಎಂದು ಅಳೆಯುವ ಸಾಧನಗಳು ಬಂದಿವೆ. ಎಲೆ ರಾತ್ರಿಯೆಲ್ಲ ಒದ್ದೆಯಿದ್ದು ಹವೆ ತಂಪಾಗಿದ್ದರೆ ಬೂಜು ತುಪ್ಪಟ ರೋಗ ಬರುವ ಸಂಭವ ಹೆಚ್ಚು. ಸಾಧನ ಅಂಕಿಯನ್ನಷ್ಟೇ ಕೊಡುತ್ತದೆ. ಚಾಟನಿ (ಬಳ್ಳಿ ಕತ್ತರಿಸುವುದು) ಆಗಿ ಎಷ್ಟು ದಿನವಾಯಿತು, ಕಳೆದ ಸಲ ಯಾವ ಔಷಧಿ ಹೊಡೆದಿದ್ದರು, ಕೊಯ್ಲಿಗೆ ಇನ್ನೆಷ್ಟು ದಿನ ಇದೆ ಎಂಬುದನ್ನೆಲ್ಲ ಸೇರಿಸಿ ಈ ಸಂಜೆ ಹೊಡೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ತೋಟದಲ್ಲಿ ಓಡಾಡಿದ ಮನುಷ್ಯ ಬೇಕು. ಎಕ್ಸೆಲ್ ಗಟ್ಟಿಯಾಗಿ ಕಲಿಯಿರಿ, ನಕ್ಷೆ ಓದುವುದನ್ನು ಕಲಿಯಿರಿ. ಕೋಡಿಂಗ್ ನಿಮಗೆ ನಿಜವಾಗಿ ಇಷ್ಟವಿದ್ದರೆ ಮಾತ್ರ ಕಲಿತರೆ ಸಾಕು. ಅದರಲ್ಲಿ ಎಂಜಿನಿಯರಿಂಗ್ ಹುಡುಗರನ್ನು ಹಿಂದೆ ಹಾಕಲು ಹೊರಟು ನಿಮ್ಮ ಕೈಲಿರುವ ಬೆಳೆಯ ಜ್ಞಾನ ಬಿಟ್ಟುಕೊಡಬೇಡಿ.

ಕೀಟ, ರೋಗ ಗುರುತಿಸುವ ಕಣ್ಣಿಗೆ ಬೆಲೆ ಏರುತ್ತಲೇ ಇದೆ, ಯಾಕೆಂದರೆ ಹೊಸಹೊಸ ಕೀಟಗಳು ಬರುತ್ತಲೇ ಇವೆ. 2018ರಲ್ಲಿ ಮುಸುಕಿನ ಜೋಳದ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಶಿವಮೊಗ್ಗದ ಕಡೆ. ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆ, ಹಿಂಭಾಗದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಇಷ್ಟು ನೋಡಿ ಹೇಳಬಲ್ಲವರು ಊರಿಗೊಬ್ಬರು ಇದ್ದಲ್ಲಿ ಹುಳು ಸುಳಿಯೊಳಗೆ ಸೇರುವ ಮುಂಚೆಯೇ ಕೆಲಸ ಆಯಿತು. ಇಲ್ಲದ ಕಡೆ ಅಂಗಡಿಯವರು ಕೊಟ್ಟದ್ದನ್ನೆಲ್ಲ ಹೊಡೆದರು. ಹೆಬ್ಬಾಳದಲ್ಲಿ ನಿಮ್ಮ ಕ್ಯಾಂಪಸ್ಸಿಗೆ ಹತ್ತಿರದಲ್ಲೇ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಇದೆ. ಅವಕಾಶ ಸಿಕ್ಕಾಗ ಹೋಗಿ, ಬೆಳೆ ತಿನ್ನುವ ಕೀಟಗಳನ್ನು ಕೊಲ್ಲುವ ಪರೋಪಜೀವಿ ಕೀಟಗಳನ್ನು ಅಲ್ಲಿ ಹೇಗೆ ಸಾಕುತ್ತಾರೆ ನೋಡಿ. ಇದಕ್ಕೆ ಅಂಟಿಕೊಂಡೇ ಇರುವುದು ಬೆಳೆಯಲ್ಲಿ ಉಳಿದುಕೊಳ್ಳುವ ಔಷಧಿ ಶೇಷದ ವಿಚಾರ. ರಫ್ತಿನವರೂ ಸೂಪರ್ ಮಾರ್ಕೆಟಿನವರೂ ಯಾವ ದಿನ ಏನು ಹೊಡೆದಿರಿ, ಕೊಯ್ಲಿಗೆ ಎಷ್ಟು ದಿನ ಬಿಟ್ಟಿರಿ ಎಂಬ ದಾಖಲೆ ಕೇಳುತ್ತಾರೆ. ಡಬ್ಬಿಯ ಮೇಲೆ ವಿಷದ ತೀವ್ರತೆ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನದ ಅರ್ಥವನ್ನು ಸಿಂಪಡಿಸುವ ಆಳಿಗೆ ತಿಳಿಸಿ ಹೇಳುವುದೂ ನಿಮ್ಮ ಕೆಲಸವೇ. ಅವರ ಆರೋಗ್ಯದ ಪ್ರಶ್ನೆ ಅದು. ನನಗೆ ಇದರ ಬಗ್ಗೆ ತುಂಬ ಕಳಕಳಿ ಇದೆ. ಕೈಗವಸಿಲ್ಲದೆ ಔಷಧಿ ಕಲಸುವುದನ್ನು ನೋಡಿ ಸುಮ್ಮನೆ ಬರುವವರನ್ನು ನಾನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ.

ಕಸಿ ಕೆಲಸದ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಏನೂ ಇರಲಿಲ್ಲ. ನನ್ನ ಮಟ್ಟಿಗೆ ಈ ಹೊತ್ತಿನ ದೊಡ್ಡ ಬದಲಾವಣೆಗಳಲ್ಲಿ ಅದೂ ಒಂದು. ಟೊಮೆಟೊಗೆ ಸೊರಗು ರೋಗ ಬಂದ ಮಣ್ಣಿನಲ್ಲಿ ಮತ್ತೆ ಟೊಮೆಟೊ ಇಡುವುದು ಕಷ್ಟ. ಹಾಗಾಗಿ ಬದನೆ ಜಾತಿಯ ಬೇರುಗಿಡದ ಮೇಲೆ ಟೊಮೆಟೊ ಕಸಿ ಮಾಡಿದ ಸಸಿಗೆ ಬೇಡಿಕೆ ಬಂದಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಈ ಬಗ್ಗೆ ಸಂಶೋಧನೆ ನಡೆದಿದೆ. ಎರಡೂ ಕಾಂಡ ಒಂದೇ ದಪ್ಪ ಇರುವ ದಿನ ನೋಡಿ, ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಕ್ಲಿಪ್ಪು ಹಾಕಿ ಕೂಡಿಸಿ, ಬೆಳಕು ಕಮ್ಮಿ ತೇವ ಜಾಸ್ತಿ ಇರುವ ಕೋಣೆಯಲ್ಲಿ ಸುಮಾರು ಒಂದು ವಾರ ಇಡಬೇಕು. ನರ್ಸರಿಗಳಲ್ಲಿ ಇದನ್ನು ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕೈ ಪಳಗಿದವರನ್ನು ಒಂದು ನರ್ಸರಿಯಿಂದ ಇನ್ನೊಂದು ನರ್ಸರಿಯವರು ಕರೆದುಕೊಂಡು ಹೋಗುತ್ತಾರೆ. ಆದರೂ ಅವರನ್ನು ಕೂಲಿಯವರು ಎಂದೇ ಬರೆದುಕೊಳ್ಳುತ್ತಾರೆ, ಇದು ಸರಿಯಲ್ಲ. ನೀವು ಮುಂದೆ ಮೇಲ್ವಿಚಾರಕರಾದರೆ ಮೊದಲು ಅವರ ಪಕ್ಕ ಕೂತು ಕೈಯಾರೆ ಮಾಡಿ ಕಲಿಯಿರಿ, ಆಮೇಲೆ ಅವರ ಕೂಲಿಯನ್ನು ಕೌಶಲಕ್ಕೆ ತಕ್ಕ ಹಾಗೆ ಏರಿಸಲು ವಾದ ಮಾಡಿ.

ಲೆಕ್ಕಪತ್ರ ನಿಮಗೆ ಬೇಜಾರು ಅನಿಸದಿದ್ದರೆ ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗಳ (ಎಫ್‌ಪಿಒ) ಕಡೆ ನೋಡಿ. 2020ರಲ್ಲಿ ಶುರುವಾದ 10,000 ಎಫ್‌ಪಿಒಗಳ ಯೋಜನೆಯಲ್ಲಿ ನಿರ್ವಹಣಾ ವೆಚ್ಚಕ್ಕೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ಸಹಾಯ ಗೊತ್ತುಮಾಡಿದ್ದರು. ಆ ಮೂರು ವರ್ಷದ ಆಚೆಗೂ ಕಂಪನಿ ನಿಲ್ಲಬೇಕಾದರೆ ಜಿಎಸ್‌ಟಿ, ದಾಸ್ತಾನು, ಖರೀದಿದಾರರ ಜೊತೆ ಮಾತುಕತೆ ಎಲ್ಲ ಬಲ್ಲ ಒಬ್ಬ ಸಿಇಒ ಬೇಕು. ಅಂಥವರಿಗಾಗಿ ಹುಡುಕಾಟ ನಡೆದೇ ಇದೆ.

ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ ಒಳ್ಳೆಯದೇ, ಮನೆಯವರ ಮಾತು ತಳ್ಳಿಹಾಕಬೇಡಿ. ಕೃಷಿ ಇಲಾಖೆಯ ಹುದ್ದೆಗಳನ್ನು ಪ್ರತಿ ವರ್ಷ ಕರೆಯುವುದಿಲ್ಲ, ಅದೊಂದನ್ನೇ ನಂಬಿ ವರ್ಷಗಟ್ಟಲೆ ಕಾಯುವುದು ಬೇಡ. ಖಾಸಗಿಯಲ್ಲಿ ಮೊದಲ ಸಂಬಳ ಐಟಿ ಗೆಳೆಯರಿಗಿಂತ ಕಮ್ಮಿ ಇರುತ್ತದೆ, ಬಿಸಿಲಿನ ಓಡಾಟವೂ ಇರುತ್ತದೆ. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ.

ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ಉಳಿಯುತ್ತೀರಲ್ಲ, ಅದನ್ನು ವರದಿ ಬರೆದು ಮುಗಿಸುವ ಕೆಲಸ ಮಾಡಿಕೊಳ್ಳಬೇಡಿ. ಒಬ್ಬ ರೈತರನ್ನು ಹಿಡಿಯಿರಿ, ಒಂದು ಬೆಳೆಯ ಖರ್ಚು, ನೀರು, ಸಿಂಪಡಣೆ, ಸಿಕ್ಕ ದರ ಎಲ್ಲವನ್ನೂ ನಿಮ್ಮ ಕೈಬರಹದಲ್ಲೇ ದಾಖಲಿಸಿ. ಸಂದರ್ಶನಕ್ಕೆ ಬರುವಾಗ ಆ ಪುಸ್ತಕ ತನ್ನಿ. ಪ್ರಮಾಣಪತ್ರಗಳ ಫೈಲಿಗಿಂತ ಮೊದಲು ನಾನು ಅದನ್ನು ತೆರೆದು ನೋಡುತ್ತೇನೆ. ನವೆಂಬರಿನ ಕೃಷಿ ಮೇಳ ನಿಮ್ಮ ಅಂಗಳದಲ್ಲೇ ನಡೆಯುತ್ತದೆ. ಮಳಿಗೆಯವರು ಕೊಡುವ ಕರಪತ್ರಕ್ಕಿಂತ ಅಲ್ಲಿಗೆ ಬರುವ ರೈತರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡರೆ ಮುಂದಿನ ವರ್ಷ ಏನು ಕಲಿಯಬೇಕು ಎಂಬುದು ಅದರಲ್ಲೇ ಸಿಗುತ್ತದೆ.

ನಿಮ್ಮ ಊರು ಯಾವ ಕಡೆ, ಮನೆಯಲ್ಲಿ ಜಮೀನಿದೆಯೇ, ಯಾವ ಬೆಳೆಯ ಮೇಲೆ ಆಸಕ್ತಿ ಎಂದು ಕೆಳಗೆ ಬರೆಯಿರಿ. ದ್ರಾಕ್ಷಿ, ಟೊಮೆಟೊ, ಕ್ಯಾಪ್ಸಿಕಂ ಆದರೆ ಎಲ್ಲಿಂದ ಶುರು ಮಾಡಬೇಕು ಎಂದು ಇನ್ನೂ ಬಿಡಿಸಿ ಹೇಳುತ್ತೇನೆ.