ನಿಮ್ಮ ಭೂತಾನ್ ಲೇಖನದ ಬಗ್ಗೆ, ಸ್ವಲ್ಪ ನೇರವಾಗಿ

ನಮಸ್ಕಾರ,

2024ರ ಪ್ಯಾರಿಸ್ ಒಲಿಂಪಿಕ್ಸ್ ಹೆಂಗಸರ ಮ್ಯಾರಥಾನ್‌ನಲ್ಲಿ ಕಟ್ಟಕಡೆಗೆ ಬಂದ ಭೂತಾನಿನ ಕಿನ್‌ಜಾಂಗ್ ಲಾಮೊ ಬಗ್ಗೆ ನೀವು ಕಳಿಸಿದ 'ಕೊನೆಯವಳೇ ಮೊದಲಿಗಳು' ಲೇಖನ ಓದ್ದೆ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪು ಹುಡುಕಿದ್ರೂ ಸಿಗಲ್ಲ, ಪದಕ ಬಂದವರನ್ನ ಬಿಟ್ಟು ಬೇರೆಯವರ ಬಗ್ಗೆ ಬರೀಬೇಕು ಅಂತ ಅನ್ಸಿದ್ದಕ್ಕೆ ಮಾರ್ಕ್ಸ್ ಕೊಡ್ತೀನಿ. ಹೊಗಳಿಕೆ ಇಷ್ಟೇ. ಓದಿ ಮುಗಿಸೋ ಹೊತ್ತಿಗೆ ನಂಗೆ ಸಿಟ್ಟು ಬಂದಿತ್ತು. ಸಾಮಾನ್ಯವಾಗಿ ಬರೋ ಲೇಖನಗಳನ್ನ ಓದಿದ್ರೆ ನಿದ್ದೆ ಬರುತ್ತೆ, ಸಿಟ್ಟು ಬರಲ್ಲ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ಮೊದಲನೇ ಸಾಲು ತಗೊಳ್ಳಿ. "ಪುಟ್ಟ ದೇಶದ ಬಡ ಹುಡುಗಿಯೊಬ್ಬಳು ತೂರಾಡುತ್ತಾ, ಕಣ್ಣೀರಿಡುತ್ತಾ ಗುರಿ ಮುಟ್ಟಿದಾಗ ಇಡೀ ಜಗತ್ತೇ ಎದ್ದು ನಿಂತಿತು." ಬಡ ಹುಡುಗಿ ಅಂತ ಯಾರು ಹೇಳಿದ್ರು ನಿಮಗೆ? ಇಡೀ ಲೇಖನದಲ್ಲಿ ಆಕೆಯ ಮನೆ ಇಲ್ಲ, ಊರಿಲ್ಲ, ಹೊಟ್ಟೆಪಾಡಿಗೆ ಏನು ಮಾಡ್ತಾಳೆ ಅಂತಿಲ್ಲ, ಬಡತನ ಒಂದು ಮಾತ್ರ ಇದೆ. ಭೂತಾನ್ ಅಂದ್ರೆ ಗುಡ್ಡಗಾಡು, ಗುಡ್ಡಗಾಡು ಅಂದ್ರೆ ಬಡವರು ಅಂತ ನೀವೇ ಲೆಕ್ಕ ಹಾಕ್ಕೊಂಡ್ರಿ. ಇನ್ನು ಇಡೀ ಜಗತ್ತೇನೂ ಎದ್ದು ನಿಲ್ಲಲಿಲ್ಲ ಮಾರಾಯ್ರೆ. ಚಪ್ಪಾಳೆ ತಟ್ಟಿದ್ದು ಆ ಭಾನುವಾರ ಬೆಳಿಗ್ಗೆ, ಆಗಸ್ಟ್ 11ಕ್ಕೆ, ಪ್ಯಾರಿಸ್ಸಿನ ರಸ್ತೆ ಬದೀಲಿ ಇನ್ನೂ ಉಳ್ಕೊಂಡಿದ್ದ ಜನ, ಕೆಲವರು ಆಕೆ ಪಕ್ಕದಲ್ಲೇ ಸೈಕಲ್ ತುಳ್ಕೊಂಡು ಬಂದ್ರು. ಗೆದ್ದವರು ಬಂದು, ಫೋಟೋ ತೆಗೆಸ್ಕೊಂಡು, ಒಂದೂವರೆ ಗಂಟೆ ಆದ್ಮೇಲೂ ಇವರು ಯಾಕೆ ಮನೆಗೆ ಹೋಗಿರ್ಲಿಲ್ಲ? ಅದನ್ನ ಕೇಳ್ಕೊಂಡಿದ್ರೆ ನಿಮಗೊಂದು ಒಳ್ಳೇ ಪ್ಯಾರಾ ಸಿಗ್ತಿತ್ತು. "ಇಡೀ ಜಗತ್ತು" ಅಂತ ಬರೆದ ತಕ್ಷಣ ಆ ರಸ್ತೆ ಬದಿ ಜನ ಮಾಯ.

ಎರಡನೇ ಪ್ಯಾರಾದಲ್ಲಿ ಇದು: "ಆ ಕ್ಷಣ ಅವಳ ಮನದಲ್ಲಿ ಒಂದೇ ಯೋಚನೆ, ನನ್ನ ರಾಜ, ನನ್ನ ದೇಶ, ನನ್ನ ಹಿಮಾಲಯ." ನೀವು ಒಳಗೆ ಹೋಗಿ ನೋಡ್ಕೊಂಡು ಬಂದ್ರಾ? ನಲವತ್ತು ಕಿಲೋಮೀಟರ್ ಓಡಿದವರ ತಲೇಲಿ ಬಾವುಟಾನೇ ಹಾರ್ತಿರುತ್ತೆ ಅಂತ ಯಾಕೆ ಅನ್ಕೊಳ್ತೀರಿ, ಕಾಲಿನ ಗುಳ್ಳೆ ಇರಬಹುದು, ನೀರಿನ ಟೇಬಲ್ ಇನ್ನೆಷ್ಟು ದೂರ ಅನ್ನೋದು ಇರಬಹುದು, ಏನೂ ಇಲ್ದೇನೂ ಇರಬಹುದು. ಆಕೆ ಬಾಯಿಂದ ಬಂದ ಮಾತು ಇದ್ರೆ ಹಾಕಿ, ಇಲ್ಲಾಂದ್ರೆ ಅವಳ ಮನಸ್ಸನ್ನ ಅವಳಿಗೇ ಬಿಟ್ಟುಬಿಡಿ.

ನಂಗೆ ನಿಜಕ್ಕೂ ಹೊಟ್ಟೆ ಉರಿಸಿದ್ದು ಮುಂದಿನ ಸಾಲು. "ನಲವತ್ತೆರಡು ಕಿಲೋಮೀಟರ್ ದೂರವನ್ನು ಆಕೆ ಛಲದಿಂದ ಕ್ರಮಿಸಿದಳು." ಅಷ್ಟೇ. ಓಟಕ್ಕೆ ಒಂದು ಸಾಲು, ಕಣ್ಣೀರಿಗೆ ನಾಲ್ಕು ಪ್ಯಾರಾ. ಮದುವೆ ಮನೇಲಿ ಹೆಣ್ಣು ಒಪ್ಪಿಸೋ ಹೊತ್ತಿಗೆ ವಿಡಿಯೋದವನು ಅಳೋರ ಮುಖಕ್ಕೇ ಕ್ಯಾಮೆರಾ ಹಿಡೀತಾನಲ್ಲ, ಅದೇ ಆಯ್ತು ಇದು.

ಆ ನಲವತ್ತೆರಡು ಕಿಲೋಮೀಟರ್ ಏನು ಅಂತ ನೋಡಿದ್ರಾ? ಸಿಟಿ ಹಾಲ್ ಹತ್ರ ಶುರು, ವರ್ಸೈಲ್ಸ್ ಅರಮನೆ ಕಡೆ ಹೋಗಿ ವಾಪಸ್, ಇನ್‌ವಾಲೀಡ್ಸ್ ಅನ್ನೋ ಹಳೇ ಕಟ್ಟಡದ ಮುಂದೆ ಮುಗಿಯೋದು. 1789ರಲ್ಲಿ ಪ್ಯಾರಿಸ್ಸಿನ ಹೆಂಗಸರು ರೊಟ್ಟಿ ಕೇಳ್ಕೊಂಡು ಅರಮನೆಗೆ ನಡೆದ ದಾರಿ ನೆನಪಿಗೆ ಇಟ್ಕೊಂಡು ಮಾಡಿದ ರೂಟ್ ಅದು. ಒಟ್ಟು ಏರು 436 ಮೀಟರ್, ಕಡಿದಾದ ಜಾಗದಲ್ಲಿ ಏರು 13.5 ಪರ್ಸೆಂಟ್, ಒಲಿಂಪಿಕ್ಸ್ ಮ್ಯಾರಥಾನ್‌ಗೆ ಇದು ಭಾರೀ ಕಷ್ಟದ ರೂಟ್ ಅಂತ ಮೊದಲಿಂದ್ಲೂ ಮಾತಿತ್ತು. ಅವತ್ತು 80 ಜನ ಮುಗಿಸಿದ್ರು, 11 ಜನ ಮುಗಿಸಲೇ ಇಲ್ಲ. ಲಾಮೊ ಎಂಬತ್ತನೆಯವಳು, ಟೈಮು 3 ಗಂಟೆ 52 ನಿಮಿಷ 59 ಸೆಕೆಂಡ್. ಕ್ಯಾಲ್ಕುಲೇಟರ್ ತಗೊಂಡು ಭಾಗಿಸಿ ನೋಡಿ, ಕಿಲೋಮೀಟರಿಗೆ ಸುಮಾರು ಐದೂವರೆ ನಿಮಿಷ ಬೀಳುತ್ತೆ. ಬೆಂಗಳೂರಲ್ಲಿ ಟೆನ್‌ಕೆ ಓಡೋ ನಿಮ್ಮ ಫ್ರೆಂಡ್ಸ್ ಯಾರಾದ್ರೂ ಇದ್ರೆ ಕೇಳಿ, ಹತ್ತು ಕಿಲೋಮೀಟರ್ ಐವತ್ತೈದು ನಿಮಿಷಕ್ಕೆ ಮುಗಿಸಿದವನು ಸ್ಟೇಟಸ್ ಹಾಕ್ಕೋತಾನೆ. ಈಕೆ ಅದನ್ನ ಬೆನ್ನುಬೆನ್ನಿಗೆ ನಾಲ್ಕು ಸಲ, ಮೇಲೆ ಎರಡು ಕಿಲೋಮೀಟರ್, ಆ ಏರಿನ ಮೇಲೆ ಓಡಿದಾಳೆ. "ತೂರಾಡುತ್ತಾ" ಅಂತೆ! ಈ ಒಂದು ಲೆಕ್ಕ ಹಾಕಿದ್ರೆ ನಿಮಗೆ ಕನಿಕರ ಪಡೋಕೇ ಬರ್ತಿರ್ಲಿಲ್ಲ.

ಇನ್ನೊಂದು, ಆಕೆ ಯಾರು? 2022ರಲ್ಲಿ ಭೂತಾನ್‌ನಲ್ಲಿ ಸ್ನೋಮ್ಯಾನ್ ರೇಸ್ ಅಂತ ಒಂದು ಓಟ ಆಯ್ತು, ಐದು ದಿನ, 203 ಕಿಲೋಮೀಟರ್, ಉಸಿರು ಸಿಗದ ಎತ್ತರದ ಹಿಮಾಲಯದ ಘಾಟಿಗಳ ಮೇಲೆ. ಅದರಲ್ಲಿ ಹೆಂಗಸರ ಪೈಕಿ ಎರಡನೇ ಸ್ಥಾನ ಬಂದವಳು ಇವಳು. ಅಂದ್ರೆ ಪ್ಯಾರಿಸ್ಸಿಗೆ ಬಂದಿದ್ದು ಬೆಟ್ಟದ ಓಟಗಾರ್ತಿ, ಸಿಕ್ಕಿದ್ದು ಪಟ್ಟಣದ ಟಾರ್ ರೋಡು, ಜೊತೇಲಿ ಓಡಿದ್ದು ವರ್ಷಪೂರ್ತಿ ಅದೇ ಕಸುಬು ಮಾಡೋರು. ಕಥೆ ಇಲ್ಲಿತ್ತು ನೋಡಿ. ನಿಮ್ಮ ಎಂಟು ಪುಟದಲ್ಲಿ ಸ್ನೋಮ್ಯಾನ್ ಹೆಸರೇ ಇಲ್ಲ.

"ಕಠಿಣ ಪರಿಶ್ರಮದಿಂದ ಅರ್ಹತೆ ಗಳಿಸಿ" ಅಂತಾನೂ ಬರ್ದಿದೀರಿ. ಗಳಿಸಿರಲಿಲ್ಲ. ಆಕೆ ಬಂದಿದ್ದು ಯೂನಿವರ್ಸಾಲಿಟಿ ಕೋಟಾದಲ್ಲಿ. ಅಥ್ಲೆಟಿಕ್ಸಲ್ಲಿ ಯಾರೂ ಕ್ವಾಲಿಫೈ ಆಗದ ದೇಶಗಳಿಗೆ ಕೆಲವೇ ಸ್ಪರ್ಧೆಗಳಲ್ಲಿ ಒಬ್ಬರನ್ನ ಕಳಿಸೋಕೆ ಬಿಡ್ತಾರೆ, ಮ್ಯಾರಥಾನ್ ಅದ್ರಲ್ಲೊಂದು. ಇದನ್ನ ಮುಚ್ಚಿಡೋ ಅಗತ್ಯ ಏನಿತ್ತು, ಅದೇನು ಕದ್ದು ತಂದ ಟಿಕೆಟ್ಟಾ? ಒಲಿಂಪಿಕ್ಸಿನವರೇ ಬೇಕು ಅಂತ ಇಟ್ಟಿರೋ ಬಾಗಿಲು ಅದು. ಓದುಗನಿಗೆ ಮೊದಲೇ ಹೇಳಿದ್ರೆ, ಗೆದ್ದವಳಿಗೂ ಇವಳಿಗೂ ಒಂದೂವರೆ ಗಂಟೆ ಅಂತರ ಯಾಕೆ ಬಂತು ಅಂತ ತಾನೇ ಅರ್ಥ ಆಗುತ್ತೆ.

ಇಲ್ಲಿ ನನ್ನ ಹಳೇ ಕಥೆ ಸ್ವಲ್ಪ ಹೇಳ್ತೀನಿ, ಬೇಜಾರಾದ್ರೆ ಈ ಪ್ಯಾರಾ ಹಾರಿಸಿ. ನಾನು ಟ್ರೈನಿ ಆಗಿ ಸೇರಿದ ಪೇಪರಲ್ಲಿ ಕ್ರೀಡಾಪುಟ ನೋಡ್ಕೊಳ್ತಿದ್ದ ಚೀಫ್ ಸಬ್ ಎಡಿಟರ್ ಒಬ್ರಿದ್ರು, ಮಾತು ಕಮ್ಮಿ, ಕೆಂಪು ಪೆನ್ನು ಜಾಸ್ತಿ. ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲಿ ಜಿಲ್ಲಾ ಮಟ್ಟದ ಕೂಟ, ಆಗ ಮಣ್ಣಿನ ಟ್ರ್ಯಾಕು, ನನ್ನನ್ನ ಕಳಿಸುವಾಗ ಹೇಳಿದ್ದು ಒಂದೇ, ಪ್ರೆಸ್‌ನೋರ ಕುರ್ಚೀಲಿ ಕೂರಬೇಡ, ಲ್ಯಾಪ್ ಎಣಿಸೋರ ಟೇಬಲ್ ಹತ್ರ ಕೂತ್ಕೋ, ಹತ್ತು ಸಾವಿರ ಮೀಟರ್ ಓಟದಲ್ಲಿ ಎಲ್ಲರ ಎಲ್ಲಾ ಸುತ್ತಿನ ಟೈಮೂ ಬರ್ಕೋ, ಕೊನೆಯವನು ಬರೋವರೆಗೂ ಏಳಬೇಡ. ಇಪ್ಪತ್ತೈದು ಸುತ್ತು. ಗೆದ್ದವನು ಮುಗಿಸಿ ಶೂ ಬಿಚ್ಚಿ ಕೂತ ಮೇಲೂ ಒಬ್ಬ ಓಡ್ತಾನೇ ಇದ್ದ, ಅವನಿಗಿನ್ನೂ ಮೂರು ಸುತ್ತು ಬಾಕಿ. ಟೇಬಲ್ಲಿಗೆ ಟೀ ಬಂತು. ಮುಂದಿನ ಸ್ಪರ್ಧೆಗೆ ಅಂತ ಹರ್ಡಲ್ಸ್ ಹೊತ್ಕೊಂಡು ಬಂದ ಹುಡುಗರು ಹೊರಗಿನ ಲೇನ್‌ಗಳಲ್ಲಿ ಜೋಡಿಸ್ತಾ ಬಂದ್ರು, ಒಳಗಿನ ಲೇನ್ ಒಂದನ್ನ ಮಾತ್ರ ಇವನಿಗೆ ಅಂತ ಖಾಲಿ ಬಿಟ್ರು. ಅವನು ಮುಗಿಸಿದ, ಅಳಲಿಲ್ಲ ಕರೀಲಿಲ್ಲ, ಸೀದಾ ಟೇಬಲ್ ಹತ್ರ ಬಂದು ಸೊಂಟದ ಮೇಲೆ ಕೈ ಇಟ್ಕೊಂಡು "ಟೈಮೆಷ್ಟು ಸಾರ್" ಅಂತ ಕೇಳಿದ. ಟೈಮ್‌ಕೀಪರ್ ಹೇಳಿದ್ರು. ಹೋದ್ಸಲಕ್ಕಿಂತ ಪರವಾಗಿಲ್ಲ ಅಂತ ತನ್ನಷ್ಟಕ್ಕೆ ಗೊಣಗ್ಕೊಂಡು ಬ್ಯಾಗ್ ಎತ್ಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದ. ನನ್ನ ವರದೀಲಿ ಚೀಫ್ ಸಬ್ ಮುಕ್ಕಾಲು ಪಾಲು ಹೊಡೆದು ಹಾಕಿದ್ರು, ಆ ಒಳಗಿನ ಲೇನು, ಆ ಪ್ರಶ್ನೆ ಎರಡನ್ನೂ ಮುಟ್ಟಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ ಅವರೂ ಹೇಳಲಿಲ್ಲ, ಆಗೆಲ್ಲ ಹಾಗೇ ಇತ್ತು, ಈಗಿನ ಥರ ಇಷ್ಟುದ್ದ ಮೇಲ್ ಯಾರು ಬರೀತಿದ್ರು.

ಸರಿ, ವಾಪಸ್ ನಿಮ್ಮ ಲೇಖನಕ್ಕೆ. ಐದನೇ ಪುಟದಲ್ಲಿ "ಅಂದು ಗೆದ್ದವರ ಹೆಸರು ಇಂದು ಯಾರಿಗೂ ನೆನಪಿಲ್ಲ" ಅಂದಿದೀರಿ. ಯಾರಿಗೆ? ಗೆದ್ದಿದ್ದು ನೆದರ್‌ಲ್ಯಾಂಡ್ಸಿನ ಸಿಫಾನ್ ಹಸನ್. ಅದೇ ಕೂಟದಲ್ಲಿ ಐದು ಸಾವಿರ ಮೀಟರ್ ಓಡಿ ಕಂಚು, ಹತ್ತು ಸಾವಿರ ಓಡಿ ಇನ್ನೊಂದು ಕಂಚು, ಆ ಹತ್ತು ಸಾವಿರ ಮುಗಿಸಿದ್ದು ಶುಕ್ರವಾರ ರಾತ್ರಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಮ್ಯಾರಥಾನ್ ಲೈನಲ್ಲಿ ನಿಂತ್ಲು. 2 ಗಂಟೆ 22 ನಿಮಿಷ 55 ಸೆಕೆಂಡ್, ಒಲಿಂಪಿಕ್ ದಾಖಲೆ, ಎರಡನೆಯವಳಾದ ಟಿಗ್ಸ್ಟ್ ಅಸ್ಸೆಫಾಗೂ ಇವಳಿಗೂ ಬರೀ ಮೂರು ಸೆಕೆಂಡ್ ವ್ಯತ್ಯಾಸ, ಕೊನೇ ತಿರುವಲ್ಲಿ ಇಬ್ರಿಗೂ ಮೈಗೆ ಮೈ ತಾಗಿ ದೂರು ಬೇರೆ ಹೋಯ್ತು. ಹದಿನೈದನೇ ವಯಸ್ಸಿಗೆ ಇಥಿಯೋಪಿಯಾ ಬಿಟ್ಟು ನಿರಾಶ್ರಿತೆಯಾಗಿ ನೆದರ್‌ಲ್ಯಾಂಡ್ಸಿಗೆ ಬಂದವಳು ಅವಳು. ಕೊನೆಯವಳನ್ನ ಎತ್ತಿ ಹಿಡಿಯೋಕೆ ಮೊದಲನೆಯವಳನ್ನ ತಳ್ಳಲೇಬೇಕಾ? ಕಷ್ಟದ ಕಥೆ ಬೇಕಿದ್ರೆ ಗೆದ್ದವಳ ಹತ್ರಾನೂ ಇತ್ತು.

ಅದಾದ್ಮೇಲೆ ಸಾಲಾಗಿ ಬಂದು ನಿಲ್ತಾರೆ, 1968ರ ಮೆಕ್ಸಿಕೋ ಒಲಿಂಪಿಕ್ಸಿನ ಅಖ್ವಾರಿ, 2000ದ ಸಿಡ್ನಿ ಒಲಿಂಪಿಕ್ಸಿನ ಎರಿಕ್ ಮೂಸಂಬಾನಿ, ಈಗ ಲಾಮೊ. ಮೂರೂ ಜನಕ್ಕೆ ಒಂದೇ ಹಾರ ಹಾಕಿದೀರಿ. ತಾಂಜಾನಿಯಾದ ಅಖ್ವಾರಿ ಮ್ಯಾರಥಾನ್ ನಡುವೆ ಬಿದ್ದು ಮಂಡಿಗೆ ಪೆಟ್ಟು ಮಾಡ್ಕೊಂಡು ಬ್ಯಾಂಡೇಜ್ ಕಟ್ಕೊಂಡು ಮುಗಿಸಿದವನು. ಈಕ್ವಟೋರಿಯಲ್ ಗಿನಿಯ ಮೂಸಂಬಾನಿ ಈಜು ಕಲಿತೇ ಕೆಲವು ತಿಂಗಳಾಗಿತ್ತು, ಜೊತೆಗಿದ್ದ ಇಬ್ರೂ ಫಾಲ್ಸ್ ಸ್ಟಾರ್ಟ್ ಮಾಡಿ, ಅಂದ್ರೆ ಸಿಗ್ನಲ್ಲಿಗೆ ಮುಂಚೆ ಹಾರಿ, ಹೊರಗೆ ಹೋದ್ರು ಅಂತ ಒಬ್ಬನೇ ಈಜಿದ, 1 ನಿಮಿಷ 52.72 ಸೆಕೆಂಡ್. ಲಾಮೊ ಬಿದ್ದಿಲ್ಲ, ಹೊಸದಾಗಿ ಕಲಿತವಳೂ ಅಲ್ಲ. ಕೊನೇಲಿ ಬಂದ್ರು ಅನ್ನೋದು ಬಿಟ್ರೆ ಈ ಮೂವರಿಗೆ ಏನು ಸಂಬಂಧ?

ಇನ್ನು ಭೂತಾನ್. "ಕ್ರೀಡೆಯೆಂದರೇನೆಂದು ಅರಿಯದ ಸಂತೃಪ್ತರ ನಾಡು" ಅಂದ್ರಲ್ಲ, ಇದಕ್ಕೆ ಅಲ್ಲಿನವರು ಯಾರಾದ್ರೂ ಕನ್ನಡ ಕಲಿತು ಬಂದು ಜಗಳ ಆಡ್ತಾರೆ. ಎಂಟು ಲಕ್ಷದೊಳಗಿನ ಜನ, ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಕಮ್ಮಿ, ಆದ್ರೆ ಊರೂರಿಗೆ ಬಿಲ್ಲು ಬಾಣದ ಮೈದಾನ ಇರುತ್ತೆ. ರಾಷ್ಟ್ರೀಯ ಕ್ರೀಡೆನೇ ಬಿಲ್ಲುಗಾರಿಕೆ. ಅವರ ಸಾಂಪ್ರದಾಯಿಕ ಆಟದಲ್ಲಿ ಗುರಿ ಹಲಗೆ ಇರೋದು ಸುಮಾರು 145 ಮೀಟರ್ ದೂರ, ಒಲಿಂಪಿಕ್ಸಲ್ಲಿ ಬರೀ 70. ಅಷ್ಟು ದೂರದಲ್ಲಿರೋ ಸಣ್ಣ ಮರದ ಹಲಗೆ ಹತ್ರಾನೇ ಎದುರು ತಂಡದವರು ನಿಂತು ಗೇಲಿ ಮಾಡ್ತಾ ಇರ್ತಾರೆ, ಬಾಣ ತಾಗಿದ್ರೆ ಈ ಕಡೆಯವರು ಹಾಡಿ ಕುಣೀತಾರೆ. ಆ ಗಲಾಟೇಲಿ ಬೆಳೆದವರು 1984ರಲ್ಲಿ ಲಾಸ್ ಏಂಜಲೀಸ್‌ಗೆ ಹೋದ್ರು, ಮೊದಲ ಒಲಿಂಪಿಕ್ಸ್, ಆರು ಜನ, ಮೂರು ಗಂಡಸರು ಮೂರು ಹೆಂಗಸರು, ಆರೂ ಬಿಲ್ಲುಗಾರರು. ಅಲ್ಲಿಂದ 2012ರ ಲಂಡನ್‌ವರೆಗೂ ಬಿಲ್ಲು ಬಿಟ್ಟು ಬೇರೆ ಆಟಕ್ಕೇ ಕಳಿಸಿರ್ಲಿಲ್ಲ, ಆ ವರ್ಷ ಶೂಟಿಂಗ್ ಸೇರ್ತು. ಕೋಟಾ ಇಲ್ಲದೆ ಸ್ವಂತ ಬಲದಿಂದ ಕ್ವಾಲಿಫೈ ಆದ ಮೊದಲ ಭೂತಾನಿ ಕರ್ಮಾ, ಟೋಕಿಯೋಗೆ, ಅದೂ ಬಿಲ್ಲುಗಾರ್ತಿನೇ. ಪ್ಯಾರಿಸ್ಸಿಗೆ ಬಂದಿದ್ದು ಮೂರೇ ಜನ, ಬಿಲ್ಲಿಗೆ ಲಾಮ್ ದೋರ್ಜಿ, ಈಜಿಗೆ ಸಾಂಗೆ ತೆಂಜಿನ್, ಓಟಕ್ಕೆ ಲಾಮೊ. ನಲವತ್ತು ವರ್ಷದಲ್ಲಿ ಒಂದೂ ಪದಕ ಇಲ್ಲ. ಹಾಗಂತ ಅವರು ಆಡ್ತಿಲ್ವಾ? ಬಿಲ್ಲು ಹಿಡಿದು ಹುಟ್ಟಿದ ದೇಶ ಒಬ್ಬ ಓಟಗಾರ್ತಿನ ಕಳಿಸ್ತು ಅನ್ನೋದೇ ನಂಗೆ ಕುತೂಹಲ ಹುಟ್ಟಿಸಿದ್ದು, ನಿಮಗೆ ಮಂಜು, ಮಠ, ಮುಗುಳ್ನಗೆ ಸಾಕಾಯ್ತು.

ಉಳಿದಿದ್ದರ ಬಗ್ಗೆ, ಅಂದ್ರೆ ಮುಕ್ತಾಯದ ಕವನ, ಮಧ್ಯದಲ್ಲಿ ಬರೋ ನಿಮ್ಮ ಅಜ್ಜಿ, ಅದ್ಯಾವುದಕ್ಕೂ ನಾನು ಬರಲ್ಲ, ಮೇಲಿಂದು ಸರಿಯಾದ್ರೆ ಅವು ತಾವಾಗೇ ಉದುರುತ್ತೆ.

ಇದನ್ನ ಹೀಗೆ ಹಾಕೋಕಾಗಲ್ಲ. ಆದ್ರೆ ಕೈ ಬಿಡೋಕೂ ಮನಸ್ಸಿಲ್ಲ. ರೇಸಿನ ವಿಡಿಯೋ ಸಿಕ್ಕಷ್ಟೂ ನೋಡಿ, ಸೌಂಡ್ ಆಫ್ ಮಾಡಿ ನೋಡಿ, ಕಾಮೆಂಟರಿಯವರು ನಿಮ್ಮನ್ನ ಅಳಿಸೋಕೆ ಕೂತಿರ್ತಾರೆ. ಸ್ನೋಮ್ಯಾನ್ ರೇಸ್ ಬಗ್ಗೆ ಓದಿ. ಓಟದಿಂದ ಶುರು ಮಾಡಿ, ಬೇಕಿದ್ರೆ ವರ್ಸೈಲ್ಸ್ ಏರಿನಿಂದಲೇ. ಸಾವಿರದಿನ್ನೂರು ಪದ ಸಾಕು, ಈಗ ಮೂರು ಸಾವಿರ ಇದೆ. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಬಂದ್ರೆ ನೋಡ್ತೀನಿ, ಆಮೇಲೆ ಬಂದ್ರೂ ನೋಡ್ತೀನಿ, ಆದ್ರೆ ಬೈಕೊಂಡು. ಮತ್ತೆ ದಯವಿಟ್ಟು ಹಳೇ ನುಡಿ ಫಾಂಟಿನ ಫೈಲ್ ಬೇಡ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳ್ಸಿ, ಈ ಸಲದ್ದನ್ನ ಕನ್ವರ್ಟ್ ಮಾಡೋಷ್ಟರಲ್ಲಿ ಒತ್ತಕ್ಷರ ಎಲ್ಲಾ ಎಲ್ಲೆಲ್ಲೋ ಹೋಗಿ ಕೂತಿತ್ತು.