ಪ್ರತಿ: ಮಗನ ನಿರಾಮಯ ವಿಮೆ ಅರ್ಜಿ ವಾಪಸ್ ಬಂದಿದೆ, ಏನು ಮಾಡಲಿ?

ಆಟಿಸಂನಂಥ ಅಂಗವಿಕಲತೆ ಇರುವವರಿಗಾಗಿ ಇರುವ ನಿರಾಮಯ ಆರೋಗ್ಯ ವಿಮೆಯ ಅರ್ಜಿ ವಾಪಸ್ ಬರಲು ಬಹುಶಃ ನೀವು ಲಗತ್ತಿಸಿದ ಖಾಸಗಿ ಕ್ಲಿನಿಕ್ಕಿನ ವರದಿಯೇ ಕಾರಣ. ಅದರಲ್ಲಿ ಆಟಿಸಂ ಅಂತ ಸ್ಪಷ್ಟವಾಗಿ ಬರೆದಿದ್ದರೂ ಸಾಲದು, ಸರ್ಕಾರಿ ಅಂಗವಿಕಲತೆ ಪ್ರಮಾಣಪತ್ರವೇ ಬೇಕು. ವಾಪಸ್ ಬಂದ ಸಂದೇಶವನ್ನು ನೀವು ಪೂರ್ತಿ ಹಾಕಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ನಮ್ಮ ಮಗಳ ಅರ್ಜಿ ಮಾತ್ರ ಇದಕ್ಕೇ ನಿಂತಿತ್ತು.

ಆ ಪ್ರಮಾಣಪತ್ರಕ್ಕಾಗಿ ಮೊದಲು ಸ್ವಾವಲಂಬನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಜಿಲ್ಲಾಸ್ಪತ್ರೆ ಆರಿಸಿ. ಮನೋವೈದ್ಯರು ಯಾವ ದಿನ ಇರುತ್ತಾರೆ ಅಂತ ಕೇಳಿಕೊಂಡೇ ಹೋಗಿ, ಸುಮ್ನೆ ಮಗುವನ್ನು ಸಾಲಿನಲ್ಲಿ ಕೂರಿಸಿ ಸುಸ್ತು ಮಾಡಬೇಡಿ. ಅಲ್ಲಿ ಆಟಿಸಂ ಎಷ್ಟಿದೆ ಅಂತ ಅಳೆಯುವ, ಐಎಸ್‌ಎಎ ಎಂಬ 40 ಅಂಶಗಳ ಪರೀಕ್ಷೆ ನಡೆಯುತ್ತದೆ. ಜಾಸ್ತಿ ಪ್ರಶ್ನೆ ನಿಮಗೇ ಬರುತ್ತವೆ. ನಾವು ಅಪ್ಪ ಅಮ್ಮಂದಿರು ಹೊರಗಿನವರ ಮುಂದೆ "ಈಗ ಎಷ್ಟೋ ಪರವಾಗಿಲ್ಲ" ಅಂದುಬಿಡುತ್ತೇವೆ, ಅಲ್ವಾ? ಅಲ್ಲಿ ಹಾಗೆ ಹೇಳಬೇಡಿ. ರಾತ್ರಿ ನಿದ್ದೆ ಮಾಡದಿರುವುದು, ತಲೆ ಚಚ್ಚಿಕೊಳ್ಳುವುದು, ಮಾತಿಗೆ ತಿರುಗದಿರುವುದು, ಇದ್ದದ್ದನ್ನೆಲ್ಲ ಹೇಳಿ. ಅಂಕ ಅದರ ಮೇಲೇ ನಿಲ್ಲುತ್ತದೆ. ಥೆರಪಿಸ್ಟ್ ವರದಿ, ಮನೆಯಲ್ಲಿ ತೆಗೆದ ವಿಡಿಯೊ ಇದ್ದರೆ ಒಯ್ಯಿರಿ.

ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಅದರ ಅವಧಿ ನೋಡಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕವಾಗಿ ಕೊಡುವುದುಂಟು.

ಆಮೇಲೆ ನಿರಾಮಯ ವಿಮೆಯನ್ನು ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತವಾದ ಹತ್ತಿರದ ಸೇವಾಸಂಸ್ಥೆಗೆ ಹೋಗಿ. ಟ್ರಸ್ಟ್‌ನ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ಅರ್ಜಿಯನ್ನು ಅವರೇ ಹಾಕುತ್ತಾರೆ. ಬಿಪಿಎಲ್ ಕುಟುಂಬಕ್ಕೆ 250 ರೂ., ಉಳಿದವರಿಗೆ 500 ರೂ. ಶುಲ್ಕ. ವಿಮೆ 1 ಲಕ್ಷ ರೂ.ವರೆಗೆ, ಥೆರಪಿಗೆ ಪ್ರತ್ಯೇಕ ಮಿತಿ ಇದೆ. ಖರ್ಚು ಮಾಡಿದ ಮೇಲೆ ಹಣ ಬರುವುದರಿಂದ ಪ್ರತಿ ಥೆರಪಿ ಬಿಲ್ಲಿಗೂ ತಾರೀಖು, ಸೀಲು ಹಾಕಿಸಿಕೊಳ್ಳಿ. ವೈದ್ಯರ ಚೀಟಿಯನ್ನೂ ಈಗಿನಿಂದಲೇ ಎತ್ತಿಡಿ.