ಕೈ ಎತ್ತದ ಮಕ್ಕಳು

ಪ್ರಶ್ನೆ: ನಾನು ಏಳನೆಯ ತರಗತಿಗೆ ಗಣಿತ ಕಲಿಸುವ ಶಿಕ್ಷಕಿ. ಪಾಠದ ಮೊದಲ ಹತ್ತು ನಿಮಿಷ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ; ಆಮೇಲೆ ಅರ್ಧದಷ್ಟು ಮಕ್ಕಳ ಗಮನ ಬೇರೆಡೆ ಹರಿಯುತ್ತದೆ. ಸರಿಯುತ್ತರ ಹೇಳಿದವರಿಗೆ ನಕ್ಷತ್ರದ ಗುರುತು, ತಿಂಗಳ ಕೊನೆಗೆ ಬಹುಮಾನ ಎಂದು ಘೋಷಿಸಿದೆ. ಎರಡು ವಾರ ಉತ್ಸಾಹವಿತ್ತು. ಈಗ ಸದಾ ಗೆಲ್ಲುವ ಐದಾರು ಮಕ್ಕಳಷ್ಟೇ ಕೈ ಎತ್ತುತ್ತಾರೆ. ಉಳಿದವರಲ್ಲಿ ಆಸಕ್ತಿ ಹುಟ್ಟಿಸುವುದು ಹೇಗೆ?

ಉತ್ತರ: ಆಸಕ್ತಿಯಿಲ್ಲದ ಕಾರಣ ಮಗು ಕಲಿಯುತ್ತಿಲ್ಲ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗಣಿತದ ಮಟ್ಟಿಗೆ ಅನೇಕ ವೇಳೆ ನಿಜಸಂಗತಿ ಇದಕ್ಕೆ ವಿರುದ್ಧವಾಗಿರುತ್ತದೆ: ಹಿಂದೆಂದೋ ಒಂದು ಹಂತದಲ್ಲಿ ಎಳೆ ತಪ್ಪಿಹೋಗಿರುತ್ತದೆ, ಅದರ ಮೇಲೆ ಕಟ್ಟಿದ ಪಾಠವೆಲ್ಲ ಅರ್ಥವಾಗದೆ ಉಳಿಯುತ್ತದೆ, ಅರ್ಥವಾಗದ್ದನ್ನು ಮುಕ್ಕಾಲು ಗಂಟೆ ಕೇಳುತ್ತ ಕುಳಿತುಕೊಳ್ಳುವುದು ದೊಡ್ಡವರಿಂದಲೂ ಆಗದ ಕೆಲಸ. ತಪ್ಪಿದ ಆ ಎಳೆಯನ್ನು ಬಹುಮಾನ ಜೋಡಿಸಿಕೊಡಲಾರದು.

ಬಹುಮಾನದಿಂದ ಇನ್ನೊಂದು ಅಪಾಯವೂ ಇದೆ. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು, ಕೆಲದಿನಗಳ ನಂತರ ಬಹುಮಾನದ ಮಾತಿಲ್ಲದ ಬಿಡುವಿನ ವೇಳೆಯಲ್ಲಿ, ಉಳಿದ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಟ್ಟರು. ಸಂತೋಷಕ್ಕಾಗಿ ಮಾಡುತ್ತಿದ್ದ ಕೆಲಸ ಅವರ ಮನಸ್ಸಿನಲ್ಲಿ ಕೂಲಿಯ ಕೆಲಸವಾಗಿತ್ತು. ಮೊದಲೇ ಹೇಳದೆ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಈ ಕುಸಿತ ಕಾಣಲಿಲ್ಲ ಎಂಬುದನ್ನೂ ಗಮನಿಸಬೇಕು.

ಆದ್ದರಿಂದ ಎಳೆ ಎಲ್ಲಿ ತಪ್ಪಿದೆ ಎಂಬುದನ್ನು ಮೊದಲು ಹುಡುಕಿ. ಭಿನ್ನರಾಶಿಯನ್ನೇ ತೆಗೆದುಕೊಳ್ಳೋಣ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಎಂದರೆ ಎಷ್ಟೋ ಮಕ್ಕಳು ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಬೇರೆಬೇರೆಯಾಗಿ ಕೂಡಿ ಐದನೇ ಎರಡು ಎಂದು ಬರೆಯುತ್ತಾರೆ. ತಪ್ಪೆಂದು ಗೀಟು ಹಾಕುವ ಬದಲು, ‘ಐದನೇ ಎರಡು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?’ ಎಂದು ಕೇಳಿ, ಒಂದು ಪಟ್ಟಿಯ ಚಿತ್ರ ಬಿಡಿಸಿ ನೋಡಲು ಹೇಳಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗಿಬಿಟ್ಟಿತಲ್ಲ ಎಂಬ ಅಚ್ಚರಿ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ನೀವು ಹುಡುಕುತ್ತಿರುವ ಆಸಕ್ತಿ ಈ ಅಚ್ಚರಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ; ಅದು ಹುಟ್ಟಬೇಕಾದರೆ ಪ್ರಶ್ನೆ ಮಗುವಿನ ಕೈಗೆಟುಕುವಂತಿರಬೇಕು, ಆದರೆ ಉತ್ತರ ಸಿದ್ಧವಾಗಿ ಸಿಗುವಂತಿರಬಾರದು.

ಕೈ ಎತ್ತುವ ವಿಚಾರಕ್ಕೆ ಬರೋಣ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದನ್ನು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತೋರಿಸಿಕೊಟ್ಟರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು, ಹಿಂದುಳಿದವರೆಂದು ಶಿಕ್ಷಕರು ಭಾವಿಸಿದ್ದ ಮಕ್ಕಳೂ ಮಾತನಾಡತೊಡಗಿದರು. ನಿಮ್ಮ ಐದಾರು ಮಕ್ಕಳು ಉಳಿದವರಿಗಿಂತ ವೇಗವಾಗಿರಬಹುದು, ಅಷ್ಟೇ. ಎಲ್ಲರೂ ಮೊದಲು ಹಾಳೆಯಲ್ಲಿ ಬರೆದು, ಪಕ್ಕದವರೊಂದಿಗೆ ಚರ್ಚಿಸಿ, ಆಮೇಲೆ ಉತ್ತರಿಸುವಂತೆ ಮಾಡಿದರೆ ವೇಗದ ಪೈಪೋಟಿ ನಿಲ್ಲುತ್ತದೆ.

ಉತ್ತರಪತ್ರಿಕೆ ತಿದ್ದುವಾಗಲೂ, ಕನಿಷ್ಠ ಕಿರುಪರೀಕ್ಷೆಗಳಲ್ಲಿ, ಅಂಕದ ಬದಲು ಒಂದು ಸಾಲು ಬರೆಯಿರಿ: ‘ಛೇದಗಳನ್ನು ಸಮ ಮಾಡಿದ್ದು ಸರಿಯಾಗಿದೆ, ಮೂರನೆಯ ಸಾಲನ್ನು ಮತ್ತೊಮ್ಮೆ ನೋಡು.’ ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಕೊಟ್ಟರೆ ಮಗುವಿನ ಕಣ್ಣು ಅಂಕದ ಮೇಲೆಯೇ ನಿಂತುಬಿಡುತ್ತದೆ. ‘ನೀನು ಜಾಣೆ’ ಎಂಬ ಹೊಗಳಿಕೆಯೂ ಬೇಡ. ಹಾಗೆ ಹೊಗಳಿಸಿಕೊಂಡ ಮಕ್ಕಳು ಜಾಣತನ ಎಲ್ಲಿ ಕೈಬಿಟ್ಟೀತೋ ಎಂದು ಕಠಿಣ ಲೆಕ್ಕಗಳಿಂದ ದೂರ ಸರಿಯುವುದುಂಟು.

ಈಗಾಗಲೇ ಘೋಷಿಸಿರುವ ಈ ತಿಂಗಳ ಬಹುಮಾನವನ್ನು ಮಾತ್ರ ತಪ್ಪದೆ ಕೊಡಿ. ಕೊಟ್ಟ ಮಾತನ್ನು ಮಕ್ಕಳು ಮರೆಯುವುದಿಲ್ಲ. ಮುಂದಿನ ತಿಂಗಳಿಗೆ ಹೊಸ ಘೋಷಣೆ ಬೇಡ.